ಭಂಡಾರದಲ್ಲೊಂದು ಡೆನ್ಮಾರ್ಕಿನ ಪದಕ

ಯಾವ ಬಣ್ಣ ಕಂಡರೂ ಅದನ್ನು ಬಿಸಿಲಿಗೆ ಹಿಡಿದು ನೋಡುವುದು ನನಗೆ ಅಂಟಿಕೊಂಡ ಚಟ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತು ಪಕ್ಕದವರ ಶಾಲಿನ ತುದಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಬೈಸಿಕೊಂಡದ್ದೂ ಉಂಟು. ತಪ್ಪು ನನ್ನದಲ್ಲ, ಕಸುಬಿನದು. ಪುತ್ತೂರಿನ ಪೇಟೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಯಾರಾದರೂ ಸೀರೆ ತಂದರೆ ಅದಕ್ಕೆ ಹೊಂದುವ ರವಕೆ ಕಣ, ಲೈನಿಂಗು, ಫಾಲ್ಸು, ದಾರ ಹುಡುಕಿಕೊಡುವುದರಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಗಿಳಿಹಸಿರು ಬೇರೆ, ಬಾಳೆಲೆ ಹಸಿರು ಬೇರೆ, ಪಾಚಿ ಹಸಿರು ಇನ್ನೂ ಬೇರೆ ಎಂಬುದು ನನಗೆ ಗೊತ್ತಿದೆ. ಅದು ಬಿಟ್ಟರೆ ಜಗತ್ತಿನ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ.

ಇಂಥ ನಾನು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಸೈನಿಕ ಪದಕಗಳನ್ನು ಕೂಡಿಡುತ್ತೇನೆ ಎಂದರೆ ನೀವು ನಗುತ್ತೀರಿ. ನಗಿ, ಅಭ್ಯಂತರವಿಲ್ಲ. ನನ್ನ ಹೆಂಡತಿ ಸುಮತಿ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಈಗ ಬರೀ ನಿಟ್ಟುಸಿರು ಬಿಡುತ್ತಾಳೆ. "ಆ ಊರಿನ ರಾಜರ ಎದೆಯ ತಗಡು ನಿಮಗೆ ಎಂತಕ್ಕೆ? ಇದು ಮರ್ಲು, ಮದ್ದಿಲ್ಲದ್ದು" ಎಂಬುದು ಅವಳ ತೀರ್ಮಾನ.

ಮರುಳು ಹಿಡಿಸಿದವರು ಆಲಂಕಾರಿನ ಒಬ್ಬ ಮುದುಕರು. ಅವರು ಹರೆಯದಲ್ಲಿ ನಾರ್ವೆಯವರ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಒಂದು ದಿನ ಅಂಗಡಿಗೆ ಬಂದು ಕಿಸೆಯಿಂದ ಒಂದು ಕಂಚಿನ ಬಿಲ್ಲೆ ತೆಗೆದರು. ಅದಕ್ಕೆ ಅಂಟಿಕೊಂಡಿದ್ದ ರಿಬ್ಬನ್ ಜಿರಲೆ ತಿಂದು ಹರಿದಿತ್ತು. "ಇದಕ್ಕೆ ಮ್ಯಾಚ್ ಆಗುವ ರಿಬ್ಬನ್ ಉಂಟಾ ಮಾರಾಯ್ರೆ?" ಎಂದು ಕೇಳಿದರು. ಕಡು ನೀಲಿ, ಅಂಚಿಗೆ ಬಿಳಿ. ಇಷ್ಟೇನಾ ಎಂದು ನಾನು ಅಂಗಡಿ ಇಡೀ ತಡಕಾಡಿದೆ. ನೀಲಿ ಸಿಕ್ಕಿತು, ಬಿಳಿ ಸಿಕ್ಕಿತು, ಎರಡೂ ಒಟ್ಟಿಗೆ ನೇಯ್ದದ್ದು ಸಿಗಲಿಲ್ಲ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ನನ್ನ ಜಾತಕದಲ್ಲೇ ಇಲ್ಲ. ಹಟಕ್ಕೆ ಬಿದ್ದು ಕಂಪ್ಯೂಟರಿನಲ್ಲಿ ಹುಡುಕಿದೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ರಾಜನ ಪಕ್ಷದಲ್ಲಿ ನಿಂತವರಿಗೆ ಕೊಟ್ಟ ಸ್ವಾತಂತ್ರ್ಯ ಪದಕ ಅದು ಎಂದು ಗೊತ್ತಾಯಿತು. ಮುದುಕರು ಅದನ್ನು ಯಾವುದೋ ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ. ಯಾರೋ ಒಬ್ಬನ ಎದೆಯ ಮೇಲಿದ್ದದ್ದು ಆಲಂಕಾರಿನವರ ಅಂಗಿ ಕಿಸೆಗೆ ಹೇಗೆ ಬಂತು ಎಂದು ಯೋಚಿಸುತ್ತ ಕೂತವನು ಇವತ್ತಿನವರೆಗೂ ಎದ್ದಿಲ್ಲ ಎನ್ನಬೇಕು.

ಪದಕದ ಶಾಸ್ತ್ರ ಎಂದರೆ ಅರ್ಧಕ್ಕರ್ಧ ರಿಬ್ಬನ್ನಿನ ಶಾಸ್ತ್ರ. ಸ್ವೀಡನ್ನಿನ ರಾಜರು ಕೊಡುವ ‘ಖಡ್ಗದ ಪದವಿ’ ಎಂಬ ಬಿರುದಿನ ಪದಕಕ್ಕೆ ಹಳದಿ ರಿಬ್ಬನ್, ನೀಲಿ ಅಂಚು. ವಾಸಾ ಪದವಿಗೆ ಹಸಿರು. ಡೆನ್ಮಾರ್ಕಿನ ದನ್ನೆಬ್ರೋಗ್ ಎಂಬ ಪದವಿಗೆ ಬಿಳಿ, ಕೆಂಪು ಅಂಚು. ನಮ್ಮಲ್ಲಿ ಅಂಥ ಅಂಚಿನ ಸೀರೆಗೆ ಯಾವಾಗಲೂ ಬೇಡಿಕೆ. ಡೆನ್ಮಾರ್ಕಿನವರು ರಿಬ್ಬನ್ನನ್ನು ಇಳಿಬಿಡದೆ ವೀಳ್ಯದೆಲೆಯ ಹಾಗೆ ಮೂಲೆ ಮಾಡಿ ಮಡಚುತ್ತಾರೆ. ಸ್ವೀಡನ್ನಿನವರು ನೆಟ್ಟಗೆ ಬಿಡುತ್ತಾರೆ. ಇದನ್ನೆಲ್ಲ ಕಲಿಯುವಾಗ ಮೋಸ ಹೋದದ್ದಕ್ಕೆ ಲೆಕ್ಕವಿಲ್ಲ. ಖಡ್ಗದ ಪದವಿ ಎಂದು ನಾನು ತರಿಸಿ, ಕನ್ನಡಿಯ ಮುಂದೆ ಎದೆಗೆ ಚುಚ್ಚಿ, ಫೋಟೋ ಹೊಡೆಸಿಕೊಂಡ ಒಂದು ನಕ್ಷತ್ರವಿದೆ. ಅದು ಸ್ವೀಡನ್ನಿನ ಯಾವುದೋ ಊರಿನ ಬಂದೂಕು ಕ್ಲಬ್ಬಿನ ಸದಸ್ಯರ ಬಿಲ್ಲೆ ಎಂದು ಮರುವಾರ ತಿಳಿಯಿತು. ಫೋಟೋ ಮಾತ್ರ ಇನ್ನೂ ಸುಮತಿಯ ವಶದಲ್ಲಿದೆ. ಮನೆಗೆ ನೆಂಟರು ಬಂದಾಗ ಅದು ಹೊರಗೆ ಬರುತ್ತದೆ.

ನನ್ನ ಸ್ವಂತ ಸಂಪಾದನೆಯ ಪದಕ ಇಲ್ಲವೇ ಎಂದರೆ, ಇದೆ. ಬೆಳ್ಳಾರೆಯ ಶಾಲೆಯಲ್ಲಿ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ. ಸ್ಪರ್ಧೆಗೆ ಇದ್ದವರೇ ಮೂವರು. ನನ್ನಮ್ಮ ಹೊಲಿಗೆ ಮೆಷಿನಿನ ಅಡಿಯಿಂದ ಕೆಂಪು ಚೂರೊಂದನ್ನು ಹೆಕ್ಕಿ, ಆ ತಗಡಿನ ಬಿಲ್ಲೆಗೆ ಪಟ್ಟಿ ಹೊಲಿದು, ಸೇಫ್ಟಿ ಪಿನ್ನಿನಿಂದ ಅಂಗಿಗೆ ಚುಚ್ಚಿದಳು. ಅದನ್ನು ಹಾಕಿಕೊಂಡೇ ಬಸ್ಸು ಹತ್ತಿ ಅಜ್ಜಿಮನೆಗೆ ಹೋದೆ. ಕಂಡಕ್ಟರು ನನ್ನನ್ನು ನೋಡಿ "ಓ, ಮೇಜರ್ ಸಾಹೇಬ್ರು!" ಎಂದು ಎದ್ದುನಿಂತು ಸಲಾಮು ಹೊಡೆದದ್ದು ಈಗಲೂ ನೆನಪಿದೆ. ಅದು ತಮಾಷೆ ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ಎಲ್ಲೆಲ್ಲಿಗೋ ಹೋದೆ. ನಾನು ಹೇಳಬೇಕೆಂದಿದ್ದದ್ದು ಮೊನ್ನೆ ಅಜ್ಜಾವರದಿಂದ ಬಂದ ಫೋನಿನ ವಿಷಯ.

"ಮ್ಯಾಚಿಂಗ್ ಸೆಂಟರಿನವರಾ? ನಾನು ಅಜ್ಜಾವರದ ಕುಶಾಲಪ್ಪ. ನನ್ನ ಸೊಸೆ ನಿಮ್ಮಲ್ಲೇ ರವಕೆ ಕಣ ತಕೊಳ್ಳುದು. ನಿಮ್ಮ ಅಂಗಡಿ ಗೋಡೆಯಲ್ಲಿ ಫಾರಿನ್ ಪದಕ ಎಲ್ಲ ತೂಗು ಹಾಕಿದ್ದುಂಟಂತೆ, ಹೌದಾ?"

"ಉಂಟು."

"ನಮ್ಮಲ್ಲಿ ಡೆನ್ಮಾರ್ಕಿನದ್ದು ಒಂದುಂಟು. ಅದು ಬೆಳ್ಳಿ ಹೌದಾ ಅಲ್ವಾ ಅಂತ ನೀವೊಮ್ಮೆ ಬಂದು ನೋಡಿ ಹೇಳ್ಬೇಕು."

ಸುಳ್ಯ ತಾಲೂಕಿನಲ್ಲಿ ಡೆನ್ಮಾರ್ಕಿನ ಪದಕ! ಮೊದಲು ಬಂದ ಯೋಚನೆ ಅದು ನನ್ನ ಗೋಡೆಗೆ ಬರಬಹುದೇ ಎಂಬುದೇ. ಕೂಡಿಡುವವರ ಬುದ್ಧಿ ನಾಯಿಬಾಲ. ಆದರೂ ಕೇಳಿದೆ, "ಬೆಳ್ಳಿ ಹೌದಾ ಅಂತ ನೋಡ್ಲಿಕ್ಕೆ ಅಕ್ಕಸಾಲಿಗರು ಸಾಕಲ್ಲ?"

"ಅವರು ಒರೆಗಲ್ಲಿಗೆ ತಿಕ್ಕಬೇಕು ಅಂತಾರೆ. ದೈವದ ಭಂಡಾರದ್ದನ್ನು ಹೊರಗಿನವರು ಕಲ್ಲಿಗೆ ತಿಕ್ಕಲಿಕ್ಕೆ ಆಗ್ತದಾ? ನೀವು ಮುಟ್ಟದೆ, ಕಣ್ಣಲ್ಲೇ ನೋಡಿ ಹೇಳ್ಬೇಕು."

ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ಅವರ ತೀರಿಹೋದ ತಮ್ಮನ ಮಗ ಲೋಕೇಶ ಸೈನ್ಯದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನನ್ನು ಆಫ್ರಿಕಾಕ್ಕೆ ಶಾಂತಿಪಡೆಯಲ್ಲಿ ಕಳಿಸಿದಾಗ ಅವನ ತಾಯಿ ಪೂವಕ್ಕ ಮನೆಯ ದೈವಕ್ಕೆ ಹರಕೆ ಹೇಳಿದ್ದರು: ಮಗ ಇಡಿಯಾಗಿ ಬಂದರೆ ಬೆಳ್ಳಿ ಒಪ್ಪಿಸುತ್ತೇನೆ. ಮಗ ಬಂದ. ಬರುವಾಗ ಬೆಳ್ಳಗೆ ಹೊಳೆಯುವ ಒಂದು ಪದಕ ತಂದ. ಪೂವಕ್ಕ ಹಿಂದೆಮುಂದೆ ನೋಡದೆ ಅದನ್ನೇ ದೈವಕ್ಕೆ ಒಪ್ಪಿಸಿದರು. ಅಂದಿನಿಂದ ಅದು ಖಡ್ಗ, ಗಂಟೆ, ಚಾಮರಗಳ ಜೊತೆ ಭಂಡಾರದ ಪೆಟ್ಟಿಗೆಯಲ್ಲಿದೆ. ಪ್ರತಿ ವರ್ಷ ದೈವಕ್ಕೆ ತಂಬಿಲದ ಸೇವೆ ಕೊಡುವ ಮೊದಲು ಭಂಡಾರವನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆಯುವುದು ಪದ್ಧತಿ. ಈ ಸಲ ತೊಳೆಯುವಾಗ ಬೆಳ್ಳಿಯ ಒಳಗಿಂದ ಹಳದಿ ಇಣುಕಿತು.

"ಬೆಳ್ಳಿ ಅಲ್ಲ ಅಂತಾದ್ರೆ ಹರಕೆ ಸಲ್ಲಲಿಲ್ಲ ಅಂತ ಆಯ್ತಲ್ಲ" ಎಂದರು ಕುಶಾಲಪ್ಪ. ದನಿ ತಗ್ಗಿತು. "ಲೋಕೇಶ ಈಗ ಪುನಃ ಹೋಗಿದ್ದಾನೆ, ಲೆಬನಾನಿಗೆ. ಟಿವಿಯಲ್ಲಿ ನೀವೇ ನೋಡ್ತೀರಲ್ಲ. ಫೋನ್ ಬಾರದೆ ವಾರ ಆಯ್ತು. ಪೂವಕ್ಕ ಅನ್ನ ಮುಟ್ಟುದಿಲ್ಲ."

ಮರುದಿನ ಬೆಳಿಗ್ಗೆ ಸುಳ್ಯದ ಬಸ್ಸು ಹತ್ತಿದೆ. ಗೋಡೆಯ ಮೇಲಿನ ಖಾಲಿ ಮೊಳೆಯ ಯೋಚನೆ ರಾತ್ರಿಯೇ ಸತ್ತುಹೋಗಿತ್ತು. ಎದುರಿನ ಸೀಟಿನವನ ಮೊಬೈಲಿನಲ್ಲಿ ಸುದ್ದಿ ಓದುವವಳು ಒಂದೇ ಸಮನೆ ಕಿರಿಚುತ್ತಿದ್ದಳು, ನಡುನಡುವೆ ಢಂ ಎಂಬ ಸದ್ದು. ಬೇರೆ ದಿನವಾದರೆ ಅದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ದಿನ ಜಾಲ್ಸೂರು ದಾಟುವಷ್ಟರಲ್ಲಿ ನಾನು ಒಂದೊಂದು ಢಂ ಅನ್ನೂ ಎಣಿಸತೊಡಗಿದ್ದೆ. "ಸ್ವಲ್ಪ ಸಣ್ಣ ಮಾಡ್ತೀರಾ?" ಎಂದು ಕೇಳಿದೆ. ಆತ ನನ್ನನ್ನೊಮ್ಮೆ ನೋಡಿ ಸದ್ದು ನಿಲ್ಲಿಸಿದ. ಸದ್ದಿಲ್ಲದ ಚಿತ್ರ ಇನ್ನೂ ಕೆಟ್ಟದಾಗಿತ್ತು.

ಅಜ್ಜಾವರದ ಮನೆಯಲ್ಲಿ ಮೊದಲು ನನ್ನನ್ನು ಸ್ನಾನಕ್ಕೆ ಅಟ್ಟಿದರು. ದೈವದ ಚಾವಡಿಯ ಹತ್ತಿರ ಹೋಗಬೇಕಾದರೆ ಅಂಗಿ ಬನಿಯನ್ ತೆಗೆದು ಬಿಳಿ ಮುಂಡು ಉಟ್ಟಿರಬೇಕು. ಜರಿಯ ನೂಲು ಪರೀಕ್ಷಿಸುವ ನನ್ನ ಭೂತಗನ್ನಡಿಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ತೆರೆದ ಹೊಟ್ಟೆಯ ಮೇಲೆ ಅದು ಕುಣಿಯುತ್ತಿತ್ತು. ಮನೆಯ ಹೆಂಗಸರು ಬಾಗಿಲ ಮರೆಯಲ್ಲಿ ಮುಸಿಮುಸಿ ನಕ್ಕದ್ದು ಕೇಳಿಸಿತು. ಆ ನಗುವಿಗೆ ನಾನು ಕೃತಜ್ಞನಾದೆ. ಆ ಮನೆಯಲ್ಲಿ ಉಸಿರಾಡಲು ಸಿಕ್ಕಿದ ಜಾಗ ಅದೊಂದೇ.

ಕುಶಾಲಪ್ಪ ಗೌಡರು ಮನೆಯ ಯಜಮಾನರು, ಹುರಿಮೀಸೆಯ ಗಟ್ಟಿ ಆಳು. ಬಾವಿಕಟ್ಟೆಯ ಹತ್ತಿರ ನನ್ನೊಬ್ಬನನ್ನೇ ನಿಲ್ಲಿಸಿ ಅವರು ಕಿವಿಯಲ್ಲಿ ಹೇಳಿದರು, "ನೋಡಿ ಮಾರಾಯ್ರೆ, ಅದು ಎಂತದ್ದೇ ಇರ್ಲಿ, ನೀವು ಬೆಳ್ಳಿ ಅಂತ್ಲೇ ಹೇಳಿ. ಅವಳು ಒಂದು ತುತ್ತು ಉಣ್ಲಿ. ಮತ್ತೆ ನಾನು ದೈವಕ್ಕೆ ತಪ್ಪುಕಾಣಿಕೆ ಇಟ್ಟು ಕೈಮುಗಿತೇನೆ. ದೈವ ನಮ್ಮದೇ ಅಲ್ವಾ."

ನಾನು ಹೂಂ ಅಂದೆ. ಹೂಂ ಅನ್ನದೆ ಏನು ಮಾಡಲಿ? ಒಬ್ಬ ತಾಯಿಯ ಅನ್ನಕ್ಕಿಂತ ಒಂದು ಲೋಹದ ಹೆಸರು ದೊಡ್ಡದಲ್ಲ. ದಿನಕ್ಕೆ ಹತ್ತು ಸಲ "ಕರೆಕ್ಟ್ ಮ್ಯಾಚ್ ಅಕ್ಕಾ" ಎನ್ನುವ ಬಾಯಿಗೆ "ಬೆಳ್ಳಿ" ಎನ್ನಲು ಕಷ್ಟವೇ?

ಕುಶಾಲಪ್ಪನವರು ಬಾಳೆಲೆಯ ಮೇಲೆ ಪದಕವನ್ನಿಟ್ಟು ಚಾವಡಿಯಿಂದ ಅಂಗಳದ ಬಿಸಿಲಿಗೆ ತಂದರು. ಮನೆಯವರೆಲ್ಲ ಸುತ್ತ ನಿಂತರು. ಎಲ್ಲರಿಗಿಂತ ಹಿಂದೆ, ಜಗಲಿಯ ಕಂಬಕ್ಕೆ ಒರಗಿ, ಒಬ್ಬರು ಸಣಕಲು ಹೆಂಗಸು ನಿಂತಿದ್ದರು. ಕೈಯಲ್ಲೊಂದು ಮೊಬೈಲು. ಅವರೇ ಪೂವಕ್ಕ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಭಂಡಾರದ ವಸ್ತುಗಳನ್ನು ಹೆಂಗಸರು ಮುಟ್ಟುವ ಕ್ರಮ ಆ ಮನೆಯಲ್ಲಿಲ್ಲ. ಮಗ ತಂದ ಪದಕವನ್ನು ಒಪ್ಪಿಸಿದ ಮೇಲೆ ಅವರು ನೋಡಿದ್ದೆಲ್ಲ ವರ್ಷಕ್ಕೊಮ್ಮೆ, ಇಷ್ಟೇ ದೂರದಿಂದ.

ನಾನು ಅಂಗಳದಲ್ಲಿ ಮೊಣಕಾಲೂರಿ ಭೂತಗನ್ನಡಿ ಹಿಡಿದೆ. ಮುಟ್ಟದೆ ಗುರುತು ಹಿಡಿಯುವುದು ಅಭ್ಯಾಸವಿಲ್ಲದ ಕೆಲಸ. "ಸ್ವಲ್ಪ ಓರೆ ಮಾಡಿ" ಎಂದರೆ ಕುಶಾಲಪ್ಪ ಬಾಳೆಲೆ ಓರೆ ಮಾಡುವರು. "ಮಗುಚಿ" ಎಂದರೆ ವೀಳ್ಯದೆಲೆಯ ತೊಟ್ಟಿನಿಂದ ಮಗುಚುವರು. ಪದಕ ಒಮ್ಮೆ ಜಾರಿ ಅಂಚಿಗೆ ಬಂದಾಗ ಅಷ್ಟೂ ಜನ "ಅಯ್ಯೋ" ಎಂದರು. ರಿಬ್ಬನ್ ಹುಣಸೆಹುಳಿಗೆ ಬಲಿಯಾಗಿ ಒಂದು ಎಳೆಯೂ ಉಳಿದಿರಲಿಲ್ಲ. ನನ್ನ ಅರ್ಧ ವಿದ್ಯೆ ಅಲ್ಲಿಗೆ ಮುಗಿಯಿತು. ಉಳಿದದ್ದು ಲೋಹ ಮತ್ತು ಅಕ್ಷರ.

ಲೋಹದ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೇಲೆ ಬೆಳ್ಳಿಯ ನೀರು ಹಿಡಿಸಿದ್ದು, ಒಳಗೆ ಹಿತ್ತಾಳೆಯಂಥದ್ದು. ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಡೆನ್ಮಾರ್ಕಿನ ತುಕಡಿಯ ಹೆಸರು ಸಿಕ್ಕಿತು. ರಾಜನ ಹೆಸರೂ ಇಲ್ಲ, ಕಿರೀಟದ ಕೆಳಗಿನ ಮೊಹರೂ ಇಲ್ಲ, ಶೌರ್ಯಕ್ಕೆ ಅವರು ಬಳಸುವ ಮಾತೂ ಇಲ್ಲ. ಇನ್ನೊಂದು ಮಾತು ಮಾತ್ರ ಇತ್ತು, ಅದನ್ನು ಕಂಡದ್ದೇ ನನಗೆ ಇಡೀ ಕತೆ ಗೊತ್ತಾಗಿಹೋಯಿತು. ಇಂಥದ್ದನ್ನು ನಮ್ಮ ಸಂಗ್ರಾಹಕರು ಕಾಲ ಕಸ ಮಾಡುತ್ತಾರೆ, ಯಾರೂ ಗೋಡೆಗೆ ಹಾಕುವುದಿಲ್ಲ.

ನಾನು ತಲೆಯೆತ್ತಿದೆ. ಕುಶಾಲಪ್ಪನವರು ಕಣ್ಣಲ್ಲೇ "ಹೇಳಿ, ಹೇಳಿ" ಎನ್ನುತ್ತಿದ್ದರು. ಅವರು ಇನ್ನೊಂದು ಪೇಚಿನಲ್ಲೂ ಇದ್ದರು. ಇದು ಡೆನ್ಮಾರ್ಕಿನ ರಾಜ ಕೊಟ್ಟ ಶೌರ್ಯ ಪದಕವೆಂದು ಊರಿಡೀ ಹೇಳಿಕೊಂಡು ಬಂದವರು ಅವರೇ ಎಂಬುದನ್ನು ಅಲ್ಲಿಗೆ ಹೋಗುವ ದಾರಿಯಲ್ಲಿ ಆಟೋದವನೇ ನನಗೆ ತಿಳಿಸಿದ್ದ. ಆ ಕಾಲದಲ್ಲಿ ಡೆನ್ಮಾರ್ಕಿಗೆ ರಾಜನಿರಲಿಲ್ಲ, ರಾಣಿ ಇದ್ದದ್ದು ಎಂದು ಆಟೋದವನಿಗೆ ಹೇಳಿ ನನ್ನ ಪಾಂಡಿತ್ಯ ಮೆರೆದಿದ್ದೆ.

"ಬೆಳ್ಳಿಯಾ?" ಎಂದು ಕೇಳಿದರು ಪೂವಕ್ಕ. ಜಗಲಿ ಇಳಿದು ಯಾವಾಗ ಹತ್ತಿರ ಬಂದರೋ ಗೊತ್ತಾಗಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಆದರೆ ನೋಟ ಮಾತ್ರ ನೇರ.

ಬೆಳ್ಳಿ ಎಂದು ಹೇಳಲು ನಾನು ಬಾಯಿ ತೆರೆದೆ. ಸತ್ಯಸಂಧನಾದ್ದರಿಂದ ಹೇಳಲಿಲ್ಲ ಎಂದು ಬರೆಯಲು ನನಗೂ ಆಸೆ. ನಿಜವೇನೆಂದರೆ ನನಗೆ ಹೆದರಿಕೆಯಾಯಿತು. ಹಿಂದೆ ಬಾಗಿಲು ತೆರೆದ ಚಾವಡಿ, ಎದುರಿಗೆ ಈ ತಾಯಿ, ನಡುವೆ ಬರಿಮೈಯ ನಾನು.

"ಅಲ್ಲ ಅಕ್ಕಾ" ಎಂದೆ. "ಬೆಳ್ಳಿಯ ನೀರು ಹಿಡಿಸಿದ್ದು ಮಾತ್ರ."

ಬಾಗಿಲ ಮರೆಯಲ್ಲಿ ಯಾರೋ ಬಿಕ್ಕಿದರು. ಹರಕೆ ತಪ್ಪಿತು, ಮಗ ಗುಂಡಿನ ನಡುವೆ ಇದ್ದಾನೆ, ಫೋನು ಬರುವುದಿಲ್ಲ, ಇದನ್ನೆಲ್ಲ ಒಂದು ಗಂಟು ಕಟ್ಟಿ ಆ ಹೆಂಗಸಿನ ತಲೆಯ ಮೇಲೆ ನಾನೇ ಹೊರಿಸಿದಂತಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪೂವಕ್ಕ ಅಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಬೆಳ್ಳಿಯ ಕೀಲಿಗೊಂಚಲನ್ನು ತೆಗೆದರು. ಕೀಲಿಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಕಟ್ಟಿಕೊಂಡರು. ಬರೀ ಬೆಳ್ಳಿಯ ಕೊಂಡಿಯನ್ನು ಬಾವಿಯ ನೀರಿನಲ್ಲಿ ತೊಳೆದು ಬಾಳೆಲೆಯ ಇನ್ನೊಂದು ತುದಿಗೆ ಇಟ್ಟರು. "ಇದು ಬೆಳ್ಳಿ. ನನ್ನ ಅಮ್ಮ ಕೊಟ್ಟದ್ದು. ಭಾವ, ತಡ ಆದದ್ದಕ್ಕೆ ತಪ್ಪುಕಾಣಿಕೆಯೂ ನೀವೇ ಇಟ್ಟುಬಿಡಿ. ಬೆಳ್ಳಿ ಅಲ್ಲದ್ದು ದೈವದ್ದಲ್ಲ. ಅದನ್ನು ನಂಗೆ ಕೊಡಿ."

ಕುಶಾಲಪ್ಪ ತಡವರಿಸಿದರು. "ಅದು ಹಾಗೆ ವಾಪಸು..."

"ದೈವಕ್ಕೆ ಹಿತ್ತಾಳೆ ಎಂತಕ್ಕೆ ಭಾವ?"

ಕುಶಾಲಪ್ಪ ಎಲೆಯನ್ನು ಓರೆ ಮಾಡಿದರು, ಪದಕ ಜಾರಿ ಪೂವಕ್ಕನ ಬೊಗಸೆಗೆ ಬಿತ್ತು. ಆ ಬೊಗಸೆ ಮುಚ್ಚಿಕೊಂಡದ್ದನ್ನು ನೋಡಿ ನನ್ನ ಕಣ್ಣು ಮಂಜಾಯಿತು. ಭೂತಗನ್ನಡಿ ಒರೆಸುವ ನೆಪದಲ್ಲಿ ಅತ್ತ ತಿರುಗಿದೆ.

"ಶೌರ್ಯಕ್ಕೆ ಕೊಟ್ಟದ್ದು ಅಂತ ಭಾವ ಹೇಳ್ತಾರೆ. ಹೌದಾ?" ಎಂದು ಪೂವಕ್ಕ ಮತ್ತೆ ಕೇಳಿದರು.

ನಾನು ಕುಶಾಲಪ್ಪನವರ ಮುಖ ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. "ಅಲ್ಲ ಅಕ್ಕಾ, ಇದು ನಡೆದದ್ದಕ್ಕೆ. ‘ಮಾರ್ಚ್’ ಅಂತ ಇದರಲ್ಲೇ ಬರೆದುಂಟು. ಡೆನ್ಮಾರ್ಕಿನ ತುಕಡಿಯವರು ಶಾಂತಿಪಡೆಯಲ್ಲಿ ಎಲ್ಲಿ ಹೋದರೂ ಒಂದು ನಡಿಗೆ ಇಡ್ತಾರೆ. ಯಾವ ದೇಶದ ಸೈನಿಕ ಆದರೂ ಸೇರಬಹುದು. ಬೆನ್ನಿಗೆ ಭಾರದ ಚೀಲ ಕಟ್ಟಿಕೊಂಡು, ಬಿಸಿಲಲ್ಲಿ, ಹೆಚ್ಚುಕಡಿಮೆ ಪುತ್ತೂರಿಂದ ಬೆಳ್ಳಾರೆಗೆ ಬರುವಷ್ಟು ದೂರ. ಮುಗಿಸಿದವರಿಗೆಲ್ಲ ಒಂದೊಂದು ಪದಕ." ಆಮೇಲೆ ಸಮಾಧಾನಕ್ಕೆಂದು ಸೇರಿಸಿದೆ, "ಅದೂ ಸಣ್ಣ ವಿಷಯ ಅಲ್ಲ."

"ಬರೀ ನಡೆದದ್ದು?"

"ಬರೀ ನಡೆದದ್ದು."

ಅವರು ಅಂಗಳದಲ್ಲೇ ಕುಳಿತುಬಿಟ್ಟರು. ಬಿದ್ದರೆಂದು ನಾನು ಗಾಬರಿಯಾದೆ. ನೋಡಿದರೆ ಅವರ ಮುಖದ ಬಿಗಿ ಸಡಿಲವಾಗುತ್ತಿತ್ತು.

"ಶೌರ್ಯದ್ದು ಅಂತ ಭಾವ ಹೇಳಿದ ದಿನದಿಂದ ನಂಗೆ ಹೆದರಿಕೆ" ಎಂದರು. "ಒಮ್ಮೆ ಶೌರ್ಯ ತೋರ್ಸಿದವ ಇನ್ನೊಮ್ಮೆ ಸುಮ್ನೆ ಕೂರ್ತಾನಾ? ಎಲ್ಲರೂ ಅಡಗುವಾಗ ಇವ ಎದ್ದು ಹೋಗುದಿಲ್ವಾ? ಈ ಸಲ ಹೊರಡುವಾಗ ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ನನ್ನ ಗೋಡೆಯ ಮೇಲೆ ಶೌರ್ಯದ ಪದಕಗಳಿವೆ. ಅವುಗಳಲ್ಲಿ ಕೆಲವನ್ನು ಮಗ ಸತ್ತ ಮೇಲೆ ಅಲ್ಲಿನ ತಾಯಂದಿರ ಕೈಗೆ ಕೊಟ್ಟದ್ದು ಎಂದು ಓದಿದ್ದೇನೆ. ಅಂಥವಕ್ಕೆ ಸಂಗ್ರಾಹಕರಲ್ಲಿ ಬೆಲೆ ಜಾಸ್ತಿ. ಅದನ್ನು ನಾನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಅಜ್ಜಾವರದ ಆ ಅಂಗಳದಲ್ಲಿ ನಿಂತಾಗ ನನಗೆ ನನ್ನ ಬಗ್ಗೆ ನಾಚಿಕೆಯಾಯಿತು.

ಪೂವಕ್ಕ ಪದಕವನ್ನು ಮಗುಚಿ ಮಗುಚಿ ನೋಡಿದರು, ಹೆಬ್ಬೆರಳಿನಿಂದ ಅಕ್ಷರಗಳನ್ನು ಸವರಿದರು. "ಮುಗಿಸಿದವರಿಗೆ ಮಾತ್ರ ಕೊಡುದಾ? ಅರ್ಧದಲ್ಲಿ ಬಿದ್ದವರನ್ನು ಹೊತ್ತು ತಂದ್ರೆ?"

"ಕೊಡುವುದಿಲ್ಲ. ಸ್ವಂತ ಕಾಲಲ್ಲೇ ಬರಬೇಕು."

ಮೊಬೈಲು ಇನ್ನೂ ಸುಮ್ಮನೇ ಇತ್ತು. ಅವರು ಅದನ್ನೊಮ್ಮೆ ನೋಡಿ ಮಡಿಲಿಗೆ ಹಾಕಿಕೊಂಡರು. ಒಳಗಿದ್ದ ಕುಶಾಲಪ್ಪನವರ ಸೊಸೆಗೆ ಗಂಜಿ ಬಡಿಸಲು ಕೂಗಿ ಹೇಳಿದರು. ಆಮೇಲೆ ನನ್ನ ಕಡೆಗೂ ಅಲ್ಲ, ಚಾವಡಿಯ ಕಡೆಗೂ ಅಲ್ಲ, ಮುಷ್ಟಿಯೊಳಗಿನ ಆ ಹಿತ್ತಾಳೆಗೇ ಹೇಳುವವರಂತೆ ಹೇಳಿದರು:

"ಶೌರ್ಯದ್ದು ಬೇಡ ಅವನಿಗೆ. ಇಂಥದ್ದೇ ಇನ್ನೊಂದು ತರ್ಲಿ."